ಹೂಂಗುಟ್ಟಿದ ಫ್ರೀಜರು

ಆ ದಿನ ಮುಂಜಾನೆ ದೇವದುರ್ಗದಲ್ಲಿ ಗಾಳಿ ಎಂಬುದೇ ಇರಲಿಲ್ಲ. ಬಸ್ ನಿಲ್ದಾಣದ ಎದುರಿನ ಬೇವಿನ ಮರದ ಎಲೆಗಳು ಯಾರೋ ಬರೆದಿಟ್ಟಂತೆ ನಿಂತಿದ್ದವು. ಹೊತ್ತು ಇನ್ನೂ ಮಾಳಿಗೆ ಏರಿರಲಿಲ್ಲ, ಅಷ್ಟರಲ್ಲೇ ನೆಲ ರೊಟ್ಟಿಯ ಹಂಚಿನಂತೆ ಕಾದಿತ್ತು. ದೇವರ ಮುಂದಿನ ಊದುಬತ್ತಿಯ ಹೊಗೆ ಕೂಡ ಯಾವ ಕಡೆ ಹೋಗಬೇಕೆಂದು ತಿಳಿಯದೆ ನೆಟ್ಟಗೆ ಮೇಲೇರಿ, ಜಂತಿಯ ಬಳಿ ನಿಂತು ಯೋಚಿಸುತ್ತಿತ್ತು. ಇಂಥ ದಿನವೇ, ಊರಲ್ಲಿ ಇಲ್ಲದ ಗಾಳಿಯೆಲ್ಲ ವಿರೂಪಣ್ಣನ ಫ್ರೀಜರಿನೊಳಗೆ ಹೊಕ್ಕು ಕೂತಿದೆ ಎಂಬ ಸುದ್ದಿ ಹುಟ್ಟಿತು.

ನಮ್ಮ ಕಡೆ ಗಾಳಿ ಎಂದರೆ ಎರಡು. ಒಂದು ಎಲೆಯನ್ನು ಅಲುಗಿಸುವುದು, ಇನ್ನೊಂದು ಮನುಷ್ಯನನ್ನು ಅಲುಗಿಸುವುದು. ಮೊದಲನೆಯದು ಬರಲೆಂದು ಕಿಟಕಿ ತೆಗೆಯುತ್ತೇವೆ. ಎರಡನೆಯದು ಬಾರದಿರಲೆಂದು ಕಿಟಕಿ ಮುಚ್ಚಿ ಲಿಂಬೆಹಣ್ಣು ಕಟ್ಟುತ್ತೇವೆ. ಎರಡಕ್ಕೂ ಒಂದೇ ಹೆಸರಿಟ್ಟ ಹಿರಿಯರಿಗೆ ಮುಂದೊಂದು ದಿನ ಫ್ರೀಜರು ಎಂಬುದು ಬರುತ್ತದೆಂದು ಗೊತ್ತಿರಲಿಲ್ಲ. ಅವರದೇನೂ ತಪ್ಪಿಲ್ಲ.

ವಿರೂಪಣ್ಣ ‘ಗೂಗಲ್ ಪ್ರಭು ಖಾನಾವಳಿ’ಯ ಯಜಮಾನ. ಕೃಷ್ಣೆಯ ದಂಡೆಯ ಗೂಗಲ್ಲಿನ ಅಲ್ಲಮಪ್ರಭು ಅವನ ಮನೆದೇವರು. ಹೊರ ಊರಿನ ಹುಡುಗರು ಬೋರ್ಡು ಓದಿ ಒಳಗೆ ಬಂದು, ಊಟಕ್ಕಿಂತ ಮೊದಲು ವೈಫೈ ಕೇಳುತ್ತಾರೆ. “ಇದು ಅದಕ್ಕಿಂತ ಹಳೀ ಗೂಗಲ್ರಪಾ. ಇಲ್ಲಿ ಹುಡುಕಿದ್ರ ಸಿಗಂಗಿಲ್ಲ, ಸುಮ್ಮ ಕುಂತ್ರ ಸಿಗ್ತದ” ಎಂದು ವಿರೂಪಣ್ಣ ಅವರ ಮುಂದೆ ತಾಟು ಇಡುತ್ತಾನೆ. ಮಾತು ಇಷ್ಟು ದೊಡ್ಡದಾದರೂ ಎದೆ ಮಾತ್ರ ಬೆಂಡೆಕಾಯಿ ಬೀಜದಷ್ಟು. ಹಲ್ಲಿ ಲೊಚಗುಟ್ಟಿದರೆ ಅವನಿಗೆ ಹೆದರಿಕೆ. ಲೊಚಗುಟ್ಟದಿದ್ದರೆ ಹಲ್ಲಿಗೆ ಏನಾಯಿತೋ ಎಂಬ ಹೆದರಿಕೆ. ಇವೆಲ್ಲ ಸಣ್ಣ ಹೆದರಿಕೆಗಳು. ದೊಡ್ಡ ಹೆದರಿಕೆ ಮಾನ್ವಿಯಲ್ಲಿತ್ತು. ಅದರ ಹೆಸರು ವೀರಭದ್ರಮ್ಮ.

ವೀರಭದ್ರಮ್ಮ ವಿರೂಪಣ್ಣನ ಬೀಗತಿ, ಅಕ್ಕಿ ಗಿರಣಿಯ ಒಡತಿ. ಗಿರಣಿಯ ಸಪ್ಪಳದ ಮೇಲೆ ಕೇಳುವಂತೆ ಮಾತಾಡಿ ರೂಢಿಯಾಗಿ, ಗಿರಣಿ ನಿಂತಾಗಲೂ ಆಕೆಯ ದನಿ ಇಳಿಯುತ್ತಿರಲಿಲ್ಲ. ವಿರೂಪಣ್ಣನ ಒಬ್ಬಳೇ ಮಗಳು ಶಿವಗಂಗಾ ಆಕೆಯ ಸೊಸೆ, ಈಗ ಏಳು ತಿಂಗಳ ಬಸುರಿ. ಬರುವ ಸೋಮವಾರ ಆಕೆ ದೇವದುರ್ಗಕ್ಕೆ ಬರಬೇಕು. ತವರಿನಲ್ಲಿ ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಹೆರಿಗೆಗೆ ಅಲ್ಲೇ ಉಳಿಸಿಕೊಳ್ಳಬೇಕು. ವಿರೂಪಣ್ಣ ಮತ್ತು ಅವನ ಹೆಂಡತಿ ಉಮಾದೇವಿ ಮಗಳ ಮದುವೆಯಾದಂದಿನಿಂದ ಕಾಯುತ್ತಿದ್ದುದು ಇದೊಂದಕ್ಕೇ. ತೊಟ್ಟಿಲಿಗೆ ಹಗ್ಗ ಕೂಡ ಬದಲಿಸಿ ಆಗಿತ್ತು.

ಒಂದು ಸಂಜೆ ವೀರಭದ್ರಮ್ಮ ಫೋನಿನಲ್ಲಿ, “ಬೀಗರ, ನಮ್ಮ ಮಂದಿ ಭಾಳ ಬರ್ತಾರ. ಬಿಸಲು ನೋಡಿದ್ರ ಹಿಂಗದ. ಹೋಳಿಗಿ ಹೂರಣ ಹಳಸಿ ನಗಪಾಟಲಾದೀತು, ನೋಡ್ಕೋರಿ ಮತ್ತ” ಎಂದಳು.

“ಹಳಸಾದಾ?” ಎಂದ ವಿರೂಪಣ್ಣ. “ನಾ ದೊಡ್ಡ ಹೋಟೆಲ್ ಫ್ರೀಜರ ತರಾಕತ್ತೀನ್ರಿ. ಆಳೆತ್ತರದ್ದು. ಹೂರಣ ಏನು, ಗಿರಣಿ ಇಟ್ರೂ ಹಳಸಂಗಿಲ್ಲ.”

ಆ ಮಾತು ಬಾಯಿಂದ ಹೊರಬೀಳುವವರೆಗೆ ತಾನು ಫ್ರೀಜರು ತರುತ್ತಿರುವುದು ಅವನಿಗೂ ಗೊತ್ತಿರಲಿಲ್ಲ. ಆದರೆ ಬೀಗರ ಮುಂದೆ ಆಡಿದ ಮಾತು ಕೃಷ್ಣೆಗೆ ಬಿಟ್ಟ ದೀಪ, ಹಿಂದಕ್ಕೆ ತರಲಾಗದು. ಹೀಗಾಗಿ ರಾಯಚೂರಿನ ಹೋಟೆಲೊಂದು ಮಾರಿದ, ಉಕ್ಕಿನ ಬೀರುವಿನಂಥ ಹಳೆಯ ಫ್ರೀಜರೊಂದು ಟಂಟಂ ಆಟೋ ಏರಿ ಬಂದಿತು. ಅದನ್ನು ಕೊಡಿಸಿದವನು ಫ್ರೀಜರು ರಿಪೇರಿಯ ಜಿಲಾನಿ ಪಾಷಾ. ನಿಲ್ಲಿಸಿ, ವೈರು ಜೋಡಿಸಿ, “ಸೇಠ್, ಸಾಮಾನು ಹಿಂದಿನ ಗ್ವಾಡಿಗಿ ಹಚ್ಚಿ...” ಎಂದು ಅವನು ಶುರುಮಾಡುವುದಕ್ಕೂ, ವಿರೂಪಣ್ಣ ಅದರ ಮುಂದೆ ತೆಂಗಿನಕಾಯಿ ಒಡೆಯುವುದಕ್ಕೂ ಸರಿಹೋಯಿತು. ‘ಹಚ್ಚಿ’ ಎಂಬುದು ಕೇಳಿಸಿತು. ಅದರ ಬೆನ್ನಿಗಿದ್ದ ‘ಡಬ್ಯಾಡ್ರಿ’ ಕಾಯಿಯ ಸಪ್ಪಳದಲ್ಲಿ ಕರಗಿತು. ಒಂದು ಕಾಯಿ ಒಡೆದು ಎಷ್ಟು ಅನಾಹುತವಾಗಬಹುದೆಂಬುದಕ್ಕೆ ಇದೇ ಸಾಕ್ಷಿ.

ಫ್ರೀಜರನ್ನು ಹೇಗೆ ಜೋಡಿಸಬೇಕೆಂದು ವಿರೂಪಣ್ಣ ಯಾರನ್ನೂ ಕೇಳಲಿಲ್ಲ. ಅವನ ರಕ್ತದಲ್ಲೇ ಆ ವಿದ್ಯೆ ಇತ್ತು. ಗಬ್ಬೂರಿನಲ್ಲಿ ಅವನ ಅಜ್ಜ ಜೋಳ ತುಂಬುತ್ತಿದ್ದ ಹಗೇವು ಸುತ್ತಲಿನ ಹಳ್ಳಿಗಳಿಗೆಲ್ಲ ಹೆಸರಾಗಿತ್ತು. ನೆಲದೊಳಗಿನ ಆ ದೊಡ್ಡ ಕಣಜದ ಗುಟ್ಟು ಒಂದೇ: ಗಾಳಿ ಹೊಗಬಾರದು. ಮೂಲೆಗೆ ಜೋಳ ತುಂಬಿ, ತುಳಿದು, ಸಂದಿಗೆ ಹೊಟ್ಟು ಗಿಡಿದು, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ, ಮೊಮ್ಮಕ್ಕಳ ಕಾಲಕ್ಕೂ ಕಾಳು ಕೆಡದು. ‘ಗಾಳಿ ಹೊಕ್ಕ ಹಗೇವು, ಚಾಡಿ ಹೊಕ್ಕ ಮನಿ ಎರಡೂ ಉಳಿಯಂಗಿಲ್ಲ’ ಎನ್ನುತ್ತಿದ್ದ ಅಜ್ಜ.

ವಿರೂಪಣ್ಣ ಪಂಜೆ ಎತ್ತಿ ಕಟ್ಟಿದ. ಹೂರಣದ ಡಬ್ಬಿಗಳನ್ನು ಹಿಂದಿನ ಗೋಡೆಗೆ ಒತ್ತಿ ಇಟ್ಟ. ಡಬ್ಬಿಗೂ ಡಬ್ಬಿಗೂ ನಡುವೆ ಉಳಿದ ಸಂದಿಗೆ ಬಟಾಣಿಯ ಚೀಲ ತುರುಕಿದ. ಬಟಾಣಿಯ ಚೀಲಗಳ ಸಂದಿಗೆ ಕಾಯಿತುರಿಯ ಪೊಟ್ಟಣ, ಅದರ ಸಂದಿಗೆ ಹಸಿಮೆಣಸಿನಕಾಯಿ. ಒಳಗೆ ಮೇಲ್ಗಡೆ ಜಾಲರಿಯೊಂದರ ಹಿಂದೆ ಸಣ್ಣ ಫ್ಯಾನು ತಿರುಗುತ್ತ ಸುಂಯ್ ಎಂದು ಊದುತ್ತಿತ್ತು. “ಇಲ್ಲೇ ನೋಡು ಗಾಳಿ ಒಳಗ ಬರೋ ತೂತು!” ಎಂದು ಅದಕ್ಕೊಂದು ಗೋಣಿತಾಟನ್ನು ಮಡಚಿ ಗಿಡಿದ. ಕೊನೆಗೆ ಮೊಣಕಾಲು ಕೊಟ್ಟು ಬಾಗಿಲು ಹಾಕಿದ.

“ಒಂದು ಬಟ್ಟು ಇಡಾಕೂ ಜಾಗ ಬಿಟ್ಟಿಲ್ಲಲ್ರಿ” ಎಂದಳು ಉಮಾದೇವಿ.

ಅದನ್ನು ಹೊಗಳಿಕೆ ಎಂದು ತಿಳಿದು ವಿರೂಪಣ್ಣ ಬೆವರು ಒರೆಸಿಕೊಂಡ. ಅದೇ ಖುಷಿಯಲ್ಲಿ ಒಂದಿಷ್ಟು ಹೋಳಿಗೆ ಬೇಯಿಸಿ, ಉಮಾದೇವಿಯ ತವರಿನ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಬಸ್ಸಿನ ಕಂಡಕ್ಟರನ ಕೈಯಲ್ಲಿ ಮಾನ್ವಿಯ ಬೀಗರಿಗೆ ಕಳಿಸಿಕೊಟ್ಟರು.

ಮತ್ತೆ ಆ ಗಾಳಿಯಿಲ್ಲದ ಮುಂಜಾನೆಗೆ ಬರೋಣ. ಅಂದು ಗುರುವಾರ. ವಿರೂಪಣ್ಣ ವಿಭೂತಿ ಹಚ್ಚಿಕೊಂಡು, ಮನೆಗೂ ಖಾನಾವಳಿಗೂ ಒಂದೇ ಆಗಿದ್ದ ಅಡುಗೆಮನೆಗೆ ಬಂದು, ಅಭ್ಯಾಸದಂತೆ ಗೋಡೆಯ ಮೇಲಿನ ದೇವರ ಪಟಕ್ಕೆ ಕೈಮುಗಿದ. ಪಟದ ಕೆಳಗೇ ಫ್ರೀಜರು.

“ಪ್ರಭುವೇ, ಸೋಮವಾರ ಎಲ್ಲಾ ಸುಸೂತ್ರ ಆಗ್ತದಲ್ಲ?”

“ಹೂಂಂಂ” ಎಂದಿತು ಫ್ರೀಜರು.

ವಿರೂಪಣ್ಣ ಮೊದಲು ಸಂತೋಷಪಟ್ಟ. ಆಮೇಲೆ ಬೆನ್ನಮೇಲಿನ ಕೂದಲು ಒಂದೊಂದಾಗಿ ಎದ್ದವು. ನಮ್ಮ ಹಳ್ಳಿಗಳಲ್ಲಿ ಕಥೆ ಹೇಳುವವನಿಗೆ ‘ಹೂಂ’ ಅನ್ನುವವನೊಬ್ಬ ಬೇಕು. ಹೂಂ ಇಲ್ಲದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಆದರೆ ನಾವು ಕಥೆಯನ್ನೇ ಹೇಳದಿದ್ದಾಗ ಯಾರಾದರೂ ಹೂಂ ಅಂದರೆ ಏನು ಮಾಡಬೇಕೆಂದು ಹಿರಿಯರು ಹೇಳಿಲ್ಲ.

“ಯಾರು... ಒಳಗ ಯಾರರ ಅದೀರೇನು?”

“ಹೂಂಂಂ.”

“ನ... ನನಗ ಏನರ ಆಗ್ತದೇನು?”

“ಹೂಂಂಂಂಂ.” ಈ ಸಲ ಸ್ವಲ್ಪ ಉದ್ದವಾಗಿಯೇ ಇತ್ತು.

ವಿರೂಪಣ್ಣ ಅಂಗಳಕ್ಕೆ ಹೇಗೆ ಬಂದನೆಂಬುದು ಅವನ ಕಾಲುಗಳಿಗೆ ಮಾತ್ರ ಗೊತ್ತು. ಜಿಲಾನಿ ಪಾಷಾನಿಗೆ ಫೋನು ಹಚ್ಚಿದ. ವಿರೂಪಣ್ಣನ ಫೋನು ಕಿವಿಯ ಬಳಿ ಮಾತಾಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಸ್ಪೀಕರಿನಲ್ಲಿ ಊರಿಗೆಲ್ಲ ಕೇಳುವಂತೆಯೇ ಮಾತಾಡುತ್ತಿತ್ತು. ಎದುರುಮನೆಯ ಜಯಾಬಾಯಿ, ತೀರಿಹೋದ ಮಾಸ್ತರರ ಹೆಂಡತಿ, ತುಳಸಿಗೆ ನೀರು ಹಾಕುತ್ತಿದ್ದವರು ತಂಬಿಗೆಯನ್ನು ಹಾಗೇ ಹಿಡಿದು ನಿಂತರು.

“ಜಿಲಾನಿ, ಫ್ರೀಜರ ನರಳಾಕತ್ತದಲೋ!”

“ಸಾಮಾನು ಭಾಳ ತುಂಬೀರೇನ್ ಸೇಠ್?”

“ತುಂಬೀನಿ.”

“ಅರೆ ಖುದಾ! ಹಂಗಾರ ಒಳಗ ಗಾಳಿ ಸಿಕ್ಕೊಂಡದ. ಆಡಾಕ ಜಾಗ ಇಲ್ಲದ್ಕ ಒದ್ದಾಡಾಕತ್ತದ. ಬಿಡಿಸಬೇಕು ಅದನ್ನ.”

“ಗಾ... ಗಾಳಿನಾ?”

“ಹೌದು ಸೇಠ್, ಗಾಳಿನ. ನಾ ಯಾದಗಿರ್‌ದಾಗ ಶಾದಿಗೆ ಬಂದೀನಿ, ಶನಿವಾರ ಬರ್ತೀನಿ. ಅಲ್ಲಿತನಕ ಬಾಗಲಾ ತೆಗದು ಹಾಕಿ ಮಾಡಬ್ಯಾಡ್ರಿ, ಇನ್ನೂ ಜೋರು ಹಿಡೀತದ.” ಅವನು ಹೇಳಿದ್ದು ಮಂಜುಗಡ್ಡೆ ಹಿಡಿಯುವುದನ್ನು. ಆದರೆ ಹಿಡಿಯುವ ವಸ್ತುವಿನ ಹೆಸರನ್ನು ಹೇಳುವ ಮೊದಲೇ ಶಾದಿಯ ಬ್ಯಾಂಡು ಶುರುವಾಗಿ ಫೋನು ಕಟ್ಟಾಯಿತು.

ಜಯಾಬಾಯಿಯ ಕೈಯ ತಂಬಿಗೆ ತುಳಸಿಕಟ್ಟೆಯ ಮೇಲೆ ಬಿದ್ದಿತು. “ಅಯ್ಯ ರಾಯರ! ವಿರೂಪಣ್ಣಾ, ಹಳೀ ಸಾಮಾನು ತರಬ್ಯಾಡ್ರಿ ಅಂತ ನಾ ಬಡಕೊಂಡೆ. ಯಾವ ಹೋಟೆಲಿನ್ಯಾಗ ಯಾರು ಸತ್ತಿದ್ರೋ ಏನೋ!” ಎಂದರು. ಅವರು ಹಾಗೆ ಬಡಕೊಂಡದ್ದು ವಿರೂಪಣ್ಣನಿಗೆ ನೆನಪಿರಲಿಲ್ಲ. ಆದರೆ ಹೆದರಿದ ಮನುಷ್ಯನಿಗೆ ಎಲ್ಲವೂ ನೆನಪಿಗೆ ಬರುತ್ತದೆ.

ಮಧ್ಯಾಹ್ನದ ಹೊತ್ತಿಗೆ ಮಠದ ಮಹಾಂತಯ್ಯನವರನ್ನು ಕರೆತಂದರು. ಅಯ್ಯನವರು ಬೆತ್ತ, ವಿಭೂತಿ, ಲಿಂಬೆಹಣ್ಣು ಸಮೇತ ಬಂದು, ಅಡುಗೆಮನೆಯ ಹೊಸ್ತಿಲಿನ ಹೊರಗೇ ನಿಂತರು. ಒಳಗೆ ಬರುವ ಅಗತ್ಯವಿಲ್ಲ, ಮಂತ್ರಕ್ಕೆ ದೂರದ ಲೆಕ್ಕವಿಲ್ಲ ಎಂದು ಅವರು ವಿವರಿಸಿದರು. ಉಮಾದೇವಿಯ ಕೈಯಿಂದಲೇ ಫ್ರೀಜರಿಗೆ ಕರಿದಾರ ಸುತ್ತಿಸಿದರು. ಕಿಟಕಿಯ ತುಂಬ ಮುಖಗಳು.

“ಯಾರು ನೀನು?” ಎಂದು ಗದರಿದರು ಅಯ್ಯನವರು. “ಹೆಂಗಸೇನು?”

“ಹೂಂಂಂ.”

ಕಿಟಕಿಯ ಮುಖಗಳು ಒಂದು ಗೇಣು ಹಿಂದೆ ಸರಿದವು.

“ರಾಯಚೂರಾಕಿ ಏನು?”

“ಹೂಂಂಂ.”

“ನೋಡ್ರಿ, ಸುಳ್ಳು ಹೇಳಂಗಿಲ್ಲ” ಎಂದರು ಅಯ್ಯನವರು ಮೆಚ್ಚುಗೆಯಿಂದ. “ಹೋಳಿಗಿ ಮ್ಯಾಲ ಆಸಿ ಆಗಿ ಬಂದೀಯೇನು?”

“ಹೂಂಂಂ.”

“ಹೋಳಿಗಿ ಎಡಿ ಕೊಟ್ರ ಈ ಮನಿ ಬಿಟ್ಟು ಹೋಗ್ತೀಯೇನು?”

ಫ್ರೀಜರು ಟಕ್ ಎಂದು ಸದ್ದು ಮಾಡಿ ಸುಮ್ಮನಾಯಿತು. ಎಲ್ಲರೂ ಉಸಿರು ಹಿಡಿದು ಕಾದರು. ಉತ್ತರವಿಲ್ಲ. ಆಗಾಗ ತಾನೇ ನಿಂತು ದಣಿವಾರಿಸಿಕೊಳ್ಳುವುದು ಅಂಥ ಯಂತ್ರದ ಸ್ವಭಾವ. ಆದರೆ ಅದು ನಿಲ್ಲಲು ಆರಿಸಿಕೊಂಡ ಗಳಿಗೆ!

“ಹೋಗಂಗಿಲ್ಲಂತ” ಎಂದು ಅಯ್ಯನವರು ಬೆವರು ಒರೆಸಿಕೊಂಡರು. “ಇಲ್ಲೇ ಇರ್ತಾಳಂತ.”

ಎಲ್ಲರೂ ಚದುರಿದ ಮೇಲೆ ಜಯಾಬಾಯಿ ಮಾತ್ರ ಕಿಟಕಿಯ ಬಳಿ ಉಳಿದರು. ಫ್ರೀಜರು ಮತ್ತೆ ನರಳತೊಡಗಿದಾಗ, ಸೆರಗು ಬಾಯಿಗೆ ಹಿಡಿದು ಮೆಲ್ಲಗೆ, “ಏ ಯವ್ವಾ, ಹೆಂಗೂ ಬಂದೀದಿ, ಒಂದು ಮಾತು ಹೇಳು. ನನ್ನ ಬೆಳ್ಳಿ ಬಟ್ಟಲ ನನ್ನ ಸೊಸಿ ಅಪೇಕ್ಷಾನ ಒಯ್ದಾಳೇನು?” ಎಂದು ಕೇಳಿದರು. ಫ್ರೀಜರು ಹೂಂ ಎಂದಿತು. ಅತ್ತೆ ಸೊಸೆಯ ಜಗಳದಲ್ಲಿ ಅಂದು ಎದುರುಮನೆಯಲ್ಲೂ ಅಡುಗೆಯಾಗಲಿಲ್ಲ.

ಶುಕ್ರವಾರ ಆಹಾರ ಇಲಾಖೆಯ ಉದಯಕುಮಾರ ಸಾಹೇಬರು ಬಂದರು. ಬೆಂಗಳೂರಿನ ಕಡೆ ಓದಿದವರು, ಪುಸ್ತಕದ ಕನ್ನಡ ಮಾತಾಡುವವರು. ದಾರ, ಲಿಂಬೆಹಣ್ಣು, ವಿಭೂತಿಯಿಂದ ಮದುಮಗನಂತೆ ನಿಂತಿದ್ದ ಫ್ರೀಜರನ್ನು ನೋಡಿ ಅವರು, ಹೊಸ ಯಂತ್ರಕ್ಕೆ ಪೂಜೆ ಮಾಡಿದ್ದಾರೆಂದು ತಿಳಿದರು. ಬಾಗಿಲ ಮೇಲೆ ತಂಪು ತೋರಿಸುವ ಅಂಕಿ ನೋಡಿ ಹುಬ್ಬು ಗಂಟಿಕ್ಕಿದರು. ಉಕ್ಕಿನ ಮೇಲೆ ಅಂಗೈ ಇಟ್ಟರು. ಕಿವಿ ಇಟ್ಟು ಆಲಿಸಿದರು. ಬೀದಿಯಲ್ಲಿ ನಿಂತ ಜನ ಇವರ ಧೈರ್ಯಕ್ಕೆ ಬೆರಗಾದರು.

“ಏನ್ರೀ ಇದು? ಇದರೊಳಗೆ ಗಾಳಿ ಸಂಚಾರ ಸರಿಯಾಗಿಲ್ಲ” ಎಂದರು ಸಾಹೇಬರು ಗಟ್ಟಿಯಾಗಿ.

ವಿರೂಪಣ್ಣ ಒಂದು ಹೆಜ್ಜೆ ಹಿಂದೆ ಸರಿದ. “ಸಾಹೇಬ್ರ... ನಿಮಗೂ ಗೊತ್ತಾತೇನ್ರಿ?”

“ಗೊತ್ತಾಗದೆ? ನಮ್ಮ ಕೆಲಸವೇ ಇದು. ಎಷ್ಟು ಹೋಟೆಲುಗಳಲ್ಲಿ ನೋಡಿಲ್ಲ! ಎಲ್ಲ ನಿಮ್ಮಂಥವರು ಮಾಡಿಕೊಳ್ಳುವ ತಪ್ಪು.”

“ನನ್ನಿಂದ ಏನು ತಪ್ಪಾತ್ರಿ ಯಪ್ಪಾ?”

“ಗಾಳಿಗೆ ದಾರಿ ಕೊಡಬೇಕಲ್ಲಪ್ಪ. ಕಟ್ಟಿಹಾಕಿದರೆ ಅದು ಸುಮ್ಮನಿರುತ್ತದೆಯೇ? ನಾಳೆ ಮತ್ತೆ ಬರುತ್ತೇನೆ. ಅಷ್ಟರಲ್ಲಿ ಸರಿಯಾಗದಿದ್ದರೆ ಖಾನಾವಳಿಗೆ ಬೀಗ.” ಹೀಗೆ ಹೇಳಿ ಸಾಹೇಬರು ಜೀಪು ಹತ್ತಿದರು.

ಅದುವರೆಗೆ ಅರ್ಧ ನಂಬಿದ್ದ ಊರು ಈಗ ಪೂರ್ತಿ ನಂಬಿತು. “ಅಯ್ಯನವರು ಹೇಳಿದ್ರ ಬಿಡು ಅಂತಿದ್ವಿ. ಈಗ ಸರಕಾರನ ಹೇಳ್ತು ನೋಡು!” ಎಂದರು ಜನ. ಮಧ್ಯಾಹ್ನದ ಊಟಕ್ಕೆ ಒಂದು ನರಪಿಳ್ಳೆ ಬರಲಿಲ್ಲ. ಸುದ್ದಿ ಮಾತ್ರ ಬಸ್ಸು ಹತ್ತಿತು. ಗಬ್ಬೂರು ದಾಟುವಾಗ ಗಾಳಿಗೆ ಉದ್ದ ಜಡೆ ಬಂದಿತ್ತು. ರಾಯಚೂರಿನಲ್ಲಿ ಬಸ್ಸು ಬದಲಿಸುವಾಗ ಹಸಿರು ಸೀರೆ ಉಟ್ಟಿತು. ನೀರಮಾನ್ವಿಯ ಎಲ್ಲಮ್ಮನ ಗುಡಿ ಬಂದಾಗ ಅದರ ಸುದ್ದಿ ಹೇಳುತ್ತಿದ್ದವರೇ ಹೆದರಿ ಕೈಮುಗಿದರು. ಮಾನ್ವಿಯ ಅಕ್ಕಿ ಗಿರಣಿ ತಲುಪಿದಾಗ ಅದು ಹೋಳಿಗೆ ತಿಂದು, ಬಸುರಿ ಹೆಂಗಸು ಯಾವಾಗ ಬರುತ್ತಾಳೆಂದು ಕೇಳುತ್ತ ಕೂತಿತ್ತು.

ಸಂಜೆ ಬಸ್ಸಿನ ಕಂಡಕ್ಟರನು ಡಬ್ಬಿ ತಂದುಕೊಟ್ಟ. ಹೋಳಿಗೆ ಕಳಿಸಿದ್ದ ಅದೇ ಸ್ಟೀಲ್ ಡಬ್ಬಿ. ಉಮಾದೇವಿ ಮುಚ್ಚಳ ತೆಗೆದಳು.

ಒಳಗೆ ಏನೂ ಇರಲಿಲ್ಲ.

ನಮ್ಮಲ್ಲಿ ಯಾರೂ ಡಬ್ಬಿಯನ್ನು ಬರಿದು ಮಾಡಿ ಹಿಂದಿರುಗಿಸುವುದಿಲ್ಲ. ಬಡವರಾದರೆ ಒಂದು ಹಿಡಿ ಕಡಲೆ, ಅದೂ ಇಲ್ಲವಾದರೆ ಒಂದು ಚಿಟಿಕೆ ಸಕ್ಕರೆ ಹಾಕಿ ಕೊಡುತ್ತೇವೆ. ಬರಿದಾದ ಡಬ್ಬಿ ಎಂದರೆ, ನಿಮಗೂ ನಮಗೂ ಇರುವುದು ಇಷ್ಟೇ ಎಂದು ಹೇಳಿದಂತೆ. ಅಕ್ಕಿ ಗಿರಣಿಯ ಮನೆಯಿಂದ ಒಂದು ಅಕ್ಕಿಕಾಳೂ ಬಂದಿರಲಿಲ್ಲ. ಉಮಾದೇವಿ ಡಬ್ಬಿಯನ್ನು ತೊಳೆಯದೆ, ಮುಚ್ಚದೆ, ದೇವರ ಜಗುಲಿಯ ಮೇಲೆ ಇಟ್ಟು ಕಣ್ಣೊರೆಸಿಕೊಂಡಳು. ಗಾಳಿಗೆ ಹೆದರಿ ಎರಡು ದಿನ ಹೊರಗೋಡಿದ್ದ ವಿರೂಪಣ್ಣನಿಗೆ, ಈ ಡಬ್ಬಿ ನೋಡಿ ಕಾಲೇ ಬರಲಿಲ್ಲ.

ಅಷ್ಟರಲ್ಲಿ ಫೋನು. ಶಿವಗಂಗಾ.

“ಯಪ್ಪಾ, ಅತ್ತಿ ಕಳಸಂಗಿಲ್ಲಂತ. ಗಾಳಿ ಇದ್ದ ಮನಿಗೆ ಬಸುರಿನ ಕಳಸಂಗಿಲ್ಲ, ಹೆರಿಗಿ ಇಲ್ಲೇ ಅಂತಾರ.” ಆಕೆಯ ದನಿ ಒಡೆಯಿತು. “ಸಣ್ಣಕಿದ್ದಾಗ ನಾ ಅಂಜಿದ್ರ ‘ನಾ ಅದೀನಿ ಬಿಡು’ ಅಂತಿದ್ದಿ. ಈಗ ನಿನ್ನ ಮನಿಗೆ ಬರಾಕ ನಾ ಅಂಜಬೇಕೇನು?”

“ಹೂಂಂಂ” ಎಂದಿತು ಫ್ರೀಜರು.

“ಯಪ್ಪಾ... ಅದು ಯಾರು ಹೂಂ ಅಂದದ್ದು?”

ವಿರೂಪಣ್ಣ ಉತ್ತರಿಸುವ ಮೊದಲೇ ಫೋನಿನಿಂದ ಗಿರಣಿ ಶುರುವಾದಂಥ ದನಿ ಬಂದಿತು. “ಕೇಳಿದೆ! ನನ್ನ ಕಿವಿಲೇ ಕೇಳಿದೆ! ಬೀಗರ, ನಾಳೆ ನಾನ ಬರ್ತೀನಿ. ಕಣ್ಣಿಲೆ ನೋಡ್ತೀನಿ. ಖರೇ ಇತ್ತಂದ್ರ ನಿಮ್ಮ ಮಗಳು ಇನ್ನ ಮಾನ್ವಿ ಹೊಸ್ತಿಲಾ ದಾಟಂಗಿಲ್ಲ!”

ಶನಿವಾರವೂ ಗಾಳಿ ಇರಲಿಲ್ಲ. ಮೊದಲು ಬಂದವನು ಜಿಲಾನಿ ಪಾಷಾ, ಶಾದಿಯ ಅತ್ತರು ಪೂಸಿಕೊಂಡೇ ಬಂದಿದ್ದ. ದಾರ, ಲಿಂಬೆಹಣ್ಣು ಕಂಡು ಬಾಗಿಲಲ್ಲೇ ನಿಂತ.

“ಇದೇನ್ ಸೇಠ್? ಒಳಗ ಯಾರದಾರ?”

“ನೀನ ಹೇಳಿದ್ಯಲ್ಲೋ, ಗಾಳಿ ಅದ ಅಂತ!”

“ಅರೆ, ನಾ ಹೇಳಿದ್ದು ಫ್ಯಾನಿನ ಗಾಳಿ! ತಂಪು ಗಾಳಿ!”

“ಮತ್ತ ಕೇಳಿದ್ದಕ್ಕೆಲ್ಲ ಹೂಂ ಅಂತದಲ್ಲ?”

“ಹೂಂಂಂ” ಎಂದಿತು ಫ್ರೀಜರು.

ಜಿಲಾನಿ ಸ್ಕ್ರೂಡ್ರೈವರನ್ನು ಮೆಲ್ಲನೆ ಜೇಬಿಗೆ ಹಾಕಿಕೊಂಡ. “ಸೇಠ್... ನಾ ಹೇಳಿದ್ದು ಫ್ಯಾನಿನ ಗಾಳಿನ. ಆದ್ರ ಇದು ಫ್ಯಾನ್ ಮಾತಾಡಿದಂಗ ಇಲ್ಲ. ಬಾಗಲಾ ನೀವ ತಗೀರಿ. ಮನಿ ಯಜಮಾನ ತಗದ್ರ ಛಲೋ.”

ಅಯ್ಯನವರು, ಈ ಕೆಲಸಕ್ಕೆ ಮಶೀನು ತಿಳಿದವರೇ ಆಗಬೇಕೆಂದರು. ಅಷ್ಟರಲ್ಲಿ ಉದಯಕುಮಾರ ಸಾಹೇಬರೂ ಬಂದು, ಬಾಗಿಲು ತೆರೆಯುವುದು ಮಾಲೀಕರ ಜವಾಬ್ದಾರಿ ಎಂದರು. ಮೂವರೂ ತಮ್ಮ ತಮ್ಮ ವಿದ್ಯೆಯನ್ನು ಹೀಗೆ ವಿನಯದಿಂದ ಒಬ್ಬರಿಗೊಬ್ಬರು ಬಿಟ್ಟುಕೊಡುತ್ತಿರುವಾಗ, ಹೊರಗೆ ಗಾಡಿ ನಿಂತು ವೀರಭದ್ರಮ್ಮ ಇಳಿದಳು. ಕಿಟಕಿಯ ಮುಖಗಳು ದಾರಿ ಬಿಟ್ಟವು. ಆಕೆ ಅಡುಗೆಮನೆಯ ನಡುವೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು.

“ಇದೇನು? ಇಷ್ಟ ಗಂಡಸರದೀರಿ, ಒಂದು ಬಾಗಲಾ ತಗಿಯಾಕ ಆಗವಲ್ದು?”

ವಿರೂಪಣ್ಣ ದೇವರ ಪಟ ನೋಡಿದ. ಜಗುಲಿಯ ಮೇಲಿನ ಬರಿದಾದ ಡಬ್ಬಿ ನೋಡಿದ. ಹಗ್ಗ ಬದಲಿಸಿದ ತೊಟ್ಟಿಲು ಒಳಕೋಣೆಯ ಮೂಲೆಯಲ್ಲಿ ತಲೆಕೆಳಗಾಗಿ ನಿಂತಿತ್ತು. ಮನುಷ್ಯನಿಗೆ ಧೈರ್ಯ ಬರುವುದು ಹೆದರಿಕೆ ಹೋದಾಗಲ್ಲ, ಇನ್ನೊಂದು ಹೆದರಿಕೆ ಅದನ್ನು ಹಿಂದಿನಿಂದ ನೂಕಿದಾಗ. ಅವನು ಪಂಜೆ ಎತ್ತಿ ಕಟ್ಟಿದ. ದಾರ ಹರಿದ. “ನನ್ನ ಮಗಳು ಬರೋ ಮನಿ ಇದು. ನೀ ಯಾಕಿನರ ಆಗು, ಎಲ್ಲಿಯಾಕಿನರ ಆಗು, ಜಾಗ ಬಿಡು ಯವ್ವಾ!” ಎಂದು ಕೂಗಿ ಬಾಗಿಲಿನ ಹಿಡಿಕೆ ಜಗ್ಗಿದ.

ಮೊದಲು ಬಂದದ್ದು ಬಿಳಿಯ ಹೊಗೆ. ಆ ಕಾದ ಅಡುಗೆಮನೆಯಲ್ಲಿ ಅದು ತಣ್ಣಗೆ, ಸದ್ದಿಲ್ಲದೆ, ನೆಲಕ್ಕೆ ಇಳಿದು ಎಲ್ಲರ ಕಾಲ ಕಡೆಗೆ ಹರಿಯಿತು. ಅದರ ಹಿಂದೆ, ಮೊಣಕಾಲು ಕೊಟ್ಟು ತುರುಕಿದ್ದ ಬಟಾಣಿ ಚೀಲಗಳು ದಬದಬನೆ ಹೊರಗೆ ಹಾರಿದವು. ಒಂದು ಚೀಲ ಒಡೆದು ಕಲ್ಲಿನಂಥ ಬಟಾಣಿ ನೆಲದ ಮೇಲೆಲ್ಲ ಉರುಳಿತು. ಕೊನೆಯದಾಗಿ, ಮಂಜು ಮೆತ್ತಿಕೊಂಡು ಬೆಳ್ಳಗಾದ ಗೋಣಿತಾಟು ಮೇಲಿನಿಂದ ಜೋತುಬಿದ್ದಿತು. ಅದು ಥೇಟ್ ಬಿಳಿಕೂದಲಿನ ಮುದುಕಿ ತಲೆ ಹೊರಹಾಕಿದಂತೆ ಇತ್ತು.

“ಬಂದ್ಳೂ!” ಎಂದರು ಮಹಾಂತಯ್ಯನವರು. ಅವರ ದನಿ ಅಡುಗೆಮನೆಯಲ್ಲಿ ಶುರುವಾಗಿ ಬಸ್ ನಿಲ್ದಾಣದಲ್ಲಿ ಮುಗಿಯಿತು. ಬೆತ್ತ ಮಾತ್ರ ಹಿಂದೆ ಉಳಿಯಿತು. ಜಿಲಾನಿ ಬಟಾಣಿಯ ಮೇಲೆ ಕಾಲಿಟ್ಟು, ನಡೆಯದೆಯೇ ಅಂಗಳ ತಲುಪಿದ. ಉದಯಕುಮಾರ ಸಾಹೇಬರು ತಾವು ಓಡಲಿಲ್ಲ, ಜೀಪಿನ ಕೀಲಿ ನೋಡಿಕೊಂಡು ಬರಲು ಅವಸರದಿಂದ ಹೋದೆ ಎಂದು ಇಂದಿಗೂ ಹೇಳುತ್ತಾರೆ. ಕಿಟಕಿಯಲ್ಲಿ ಒಂದು ಮುಖವೂ ಉಳಿಯಲಿಲ್ಲ.

ವಿರೂಪಣ್ಣನೂ ಓಡುತ್ತಿದ್ದ. ಆದರೆ ಅವನ ಹೆಗಲ ಮೇಲಿನ ಟವೆಲನ್ನು ಯಾರೋ ಹಿಂದಿನಿಂದ ಬಿಗಿಯಾಗಿ ಹಿಡಿದಿದ್ದರು. ಗಾಳಿಯೇ ಹಿಡಿಯಿತೆಂದು ಅವನು ಪ್ರಾಣದ ಆಸೆ ಬಿಟ್ಟು ತಿರುಗಿ ನೋಡಿದ. ರುಬ್ಬುವ ಕಲ್ಲಿನ ಮೇಲೆ ಹತ್ತಿ, ಕಣ್ಣು ಗಟ್ಟಿ ಮುಚ್ಚಿ, ಟವೆಲಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ವೀರಭದ್ರಮ್ಮ ನಿಂತಿದ್ದಳು. ತುಟಿಗಳು ಅದುರುತ್ತಿದ್ದವು. ಸದ್ದು ಮಾತ್ರ ಇರಲಿಲ್ಲ.

“ಬೀಗತೇರ” ಎಂದ ವಿರೂಪಣ್ಣ, ತಾನೂ ನಡುಗುತ್ತಲೇ. “ಅಂಜಬ್ಯಾಡ್ರಿ. ನಾ ಅದೀನಿ.”

ಆಕೆ ಕಣ್ಣು ತೆರೆದಳು. ಟವೆಲು ಬಿಟ್ಟಳು. ಕಲ್ಲಿನಿಂದ ಇಳಿದು ಸೆರಗು ಸರಿಮಾಡಿಕೊಂಡಳು. ಇಬ್ಬರೂ ಬೇರೆಬೇರೆ ಗೋಡೆ ನೋಡಿದರು.

ಅಷ್ಟರಲ್ಲಿ ಉಮಾದೇವಿ ಒಲೆಯ ಚಿಮಟ ತಂದು, ಜೋತುಬಿದ್ದ ಮುದುಕಿಯನ್ನು ಹಿಡಿದು ಜಗ್ಗಿದಳು. “ಅಯ್ಯ, ನಮ್ಮನಿ ಗೋಣಿತಾಟು!” ಎಂದಳು. ಆ ಮಾತು ಕೇಳಿ ಒಬ್ಬೊಬ್ಬರಾಗಿ ಒಳಗೆ ಬಂದರು. ಜಾಲರಿಯ ಹಿಂದೆ ಮಂಜುಗಡ್ಡೆ ಬೆಳೆದು, ಫ್ಯಾನಿನ ರೆಕ್ಕೆ ಅದಕ್ಕೆ ತಾಗಿ ಹೂಂ ಎನ್ನುತ್ತಿತ್ತು. ಜಿಲಾನಿ ಮೊದಲಿನ ಗತ್ತಿಗೆ ಮರಳಿ, ಫ್ರೀಜರು ಆರಿಸಿ, ಗಡ್ಡೆ ಕರಗಿಸಿ, ಒಂದು ಸಣ್ಣ ಭಾಷಣವನ್ನೇ ಮಾಡಿದ. ಹಿಂದಿನ ಗೋಡೆಯಿಂದ ನಾಲ್ಕು ಬಟ್ಟು, ಅಂದರೆ ನಾಲ್ಕು ಬೆರಳಗಲ ಬಿಡಬೇಕು. ಡಬ್ಬಿಗೂ ಡಬ್ಬಿಗೂ ನಡುವೆ ಎರಡು ಬಟ್ಟು. ತಳಕ್ಕೆ ಜಾಳಿಗೆ, ಭಾರದ್ದು ಕೆಳಗೆ, ಫ್ಯಾನಿನ ಬಾಯಿಗೆ ಏನೂ ಅಡ್ಡ ಬರಬಾರದು.

“ತಂಪು ಅಂದ್ರ ಏನ್ ಸೇಠ್? ಗಾಳಿನ ತಿರಗ್ಯಾಡಿ ಹೊತ್ಕೊಂಡು ಹೋಗಬೇಕು. ದಾರಿ ಮುಚ್ಚಿದ್ರ ಒಂದು ಕಡಿ ಗಡ್ಡಿ, ಇನ್ನೊಂದು ಕಡಿ ಹಳಸು.”

“ನಮ್ಮಜ್ಜನ ಹಗೇವು...” ಎಂದ ವಿರೂಪಣ್ಣ.

“ಹಗೇವು ಬ್ಯಾರೆ, ರೊಟ್ಟಿ ಬುಟ್ಟಿ ಬ್ಯಾರೆ” ಎಂದಳು ಉಮಾದೇವಿ. “ಖಟಿರೊಟ್ಟಿ ಒತ್ತಿ ಇಟ್ಟರ ಬೂಸ್ಟು ಹಿಡೀತಾವಂತ ನನಗ ದಿನಾ ಬೈತೀರಲ್ಲ.”

ಬಾಗಿಲ ಕಡೆಯ ಹೂರಣ ಹಳಸಿತ್ತು. ಸಾಹೇಬರು ಅದನ್ನು ಹೊರಗೆ ಹಾಕಿಸಿ, ಗಾಳಿ ಸಂಚಾರ ಈಗ ಸಮರ್ಪಕವಾಗಿದೆ ಎಂದು ಸಾರಿದರು. ಈ ಸಲ ಜನಕ್ಕೆ ಅದು ಅಷ್ಟು ರುಚಿಸಲಿಲ್ಲ. ಫ್ರೀಜರು ಈಗ ಸುಂಯ್ ಎನ್ನುತ್ತಿತ್ತು, ಯಾರು ಏನು ಕೇಳಿದರೂ ಹೂಂ ಅನ್ನುತ್ತಿರಲಿಲ್ಲ. ಜಯಾಬಾಯಿಯ ಸೊಸೆ ಅಪೇಕ್ಷಾ ಅತ್ತೆಯನ್ನು ಕೈಹಿಡಿದು ಕರೆತಂದು, “ಈಗ ಕೇಳ್ರಿ ಅತ್ಯಾ, ಬಟ್ಟಲ ಯಾರು ಒಯ್ದಾರಂತ” ಎಂದಳು. ಜಯಾಬಾಯಿ ಕೇಳಿದರು. ಫ್ರೀಜರು ಸುಮ್ಮನಿತ್ತು. “ರಿಪೇರಿ ಮಾಡಿ ಕೆಡಿಸಿಬಿಟ್ರು” ಎಂದು ಜಯಾಬಾಯಿ ಮನೆಗೆ ಹೋದರು.

ವೀರಭದ್ರಮ್ಮ ಏನೂ ಹೇಳದೆ ಗಾಡಿ ಹತ್ತಿದ್ದಳು. ಕಳಿಸುತ್ತೇನೆ ಎನ್ನಲಿಲ್ಲ, ಕಳಿಸುವುದಿಲ್ಲ ಎನ್ನಲಿಲ್ಲ. ಉಮಾದೇವಿ ಹೊಸದಾಗಿ ಬೇಳೆ ಬೇಯಿಸಿ, ಹೂರಣ ರುಬ್ಬಿ, ಡಬ್ಬಿಗಳ ನಡುವೆ ಬೆರಳಿಟ್ಟು ಅಳೆದು ಜೋಡಿಸಿದಳು. ವಿರೂಪಣ್ಣ ಭಾನುವಾರವೆಲ್ಲ ರಸ್ತೆ ನೋಡಿದ. ಅವನ ಪಾಲಿನ ಹೆದರಿಕೆ ಇನ್ನೂ ಮುಗಿದಿರಲಿಲ್ಲ.

ಸೋಮವಾರ ಹೊತ್ತೇರುವ ಮೊದಲೇ ಗಿರಣಿಯ ಗಾಡಿ ಬಂದಿತು. ಮೊದಲು ಇಳಿದವಳು ಶಿವಗಂಗಾ, ಸೊಂಟಕ್ಕೆ ಕೈಕೊಟ್ಟುಕೊಂಡು, ಮೆಲ್ಲಗೆ. ವಿರೂಪಣ್ಣ ಕಣ್ಣೊರೆಸಿಕೊಳ್ಳಲು ಟವೆಲು ಹುಡುಕಿದ. ಅದು ಹೆಗಲ ಮೇಲೇ ಇತ್ತು.

ಕುಬಸ ನಡೆಯಿತು. ಹಸಿರು ಬಳೆ ತೊಡಿಸಿದರು, ಉಡಿ ತುಂಬಿದರು. ಮಹಾಂತಯ್ಯನವರು ಬೆತ್ತ ವಾಪಸು ಪಡೆದು ಹೋಳಿಗೆಗೆ ಎರಡು ಸಲ ತುಪ್ಪ ಹಾಕಿಸಿಕೊಂಡರು. ಮಾನ್ವಿಯ ಮಂದಿ ಉಂಡು, ಎಲೆ ಅಡಿಕೆ ಹಾಕಿಕೊಂಡು ಗಾಡಿಯ ಕಡೆ ನಡೆದರು. ಶಿವಗಂಗಾ ತೊಟ್ಟಿಲಿದ್ದ ಕೋಣೆಯಲ್ಲಿ ಮಲಗಿದ್ದಳು.

ವೀರಭದ್ರಮ್ಮ ಒಬ್ಬಳೇ ಅಡುಗೆಮನೆಗೆ ಬಂದಳು. ಜಗುಲಿಯ ಮೇಲೆ ತೆರೆದೇ ಇದ್ದ ಸ್ಟೀಲ್ ಡಬ್ಬಿಯನ್ನು ಇಳಿಸಿ, ತನ್ನ ಸೆರಗಿನಿಂದ ಒರೆಸಿದಳು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬಟ್ಟೆಯ ಗಂಟು ಬಿಚ್ಚಿ, ಹೊಸ ಅಕ್ಕಿಯನ್ನು ಅದರೊಳಗೆ ಸುರಿದಳು. ಫ್ರೀಜರಿನ ಪಕ್ಕ ನಿಂತಿದ್ದ ವಿರೂಪಣ್ಣನ ಎರಡೂ ಕೈಗೆ ಡಬ್ಬಿ ಇಟ್ಟಳು.

“ಅವತ್ತು ಬರಿದ ಬಂದಿತ್ತು” ಎಂದಳು. ಗಿರಣಿಯ ದನಿ ಅಷ್ಟು ಮೆಲ್ಲಗೆ ಬರಬಲ್ಲದೆಂದು ವಿರೂಪಣ್ಣನಿಗೆ ಗೊತ್ತಿರಲಿಲ್ಲ. “ಪೂರಾ ತುಂಬಿಲ್ಲ, ಬೀಗರ. ಗಾಳಿ ಆಡಲಿ ಅಂತ ಎರಡು ಬಟ್ಟು ಬಿಟ್ಟೀನಿ.”

ವಿರೂಪಣ್ಣ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದ.

“ಹೂಂ” ಎಂದ.